ಕೊಳಗೇರಿ ವಸತಿ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ಪಾ? ಮೊದಲು ಕಾಗದ ಓದೋದು ಕಲಿಯಿರಿ

ಎಂಎಸ್‌ಡಬ್ಲ್ಯೂ, ಕಾನೂನು, ಆರ್ಕಿಟೆಕ್ಚರ್, ಯಾವ ಕೋರ್ಸಿನವರೇ ಆಗಲಿ, ಬೆಂಗಳೂರಿನ ಕೊಳಗೇರಿಗಳಲ್ಲಿ ಮನೆ ವಿಚಾರಕ್ಕೆ ಓಡಾಡೋ ಸಣ್ಣ ಸಂಸ್ಥೆಗೆ ಇಂಟರ್ನ್ ಆಗಿ ಬರುವವರ ತಲೆಯಲ್ಲಿ ಇಟ್ಟಿಗೆ, ಸಿಮೆಂಟು, ಹೊಸ ಮನೆಯ ಫೋಟೊ ಇರುತ್ತದೆ. ಸಿಗೋದು ಕಾಗದ. ಬೀರುವಿನ ಮೇಲಿಂದ ಇಳಿಸಿದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ, ಮಡಿಕೆಯಲ್ಲಿ ಹರಿದುಹೋದ ಕಾಗದ. ಅದನ್ನ ಓದೋಕೆ ಬಂದರೆ ನೀವು ಕೆಲಸಕ್ಕೆ ಬಂದ ಹಾಗೆ.

ಸೇರುವ ಮುಂಚೆ ಅವಧಿ ಮಾತಾಡಿಕೊಳ್ಳಿ. ಒಂದು ತಿಂಗಳಿಗೆ ಬರೋದು ಬೇಡ ಅಂತ ನಾನು ಹೇಳ್ತೀನಿ. ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಉತ್ತರ ಬರೋಕೇ 30 ದಿನ ಟೈಮ್ ಇದೆ, ಅಷ್ಟರಲ್ಲಿ ನೀವು ಸರ್ಟಿಫಿಕೇಟ್ ತಗೊಂಡು ಹೊರಟಿರ್ತೀರಿ. ಎರಡು ತಿಂಗಳಾದರೂ ಇರಲಿ. ಬಸ್ ಚಾರ್ಜು ಯಾರು ಕೊಡ್ತಾರೆ, ಜೊತೆಗೆ ಯಾರು ಬರ್ತಾರೆ, ಮಾಡಿದ ಸರ್ವೆ ಆಮೇಲೆ ಎಲ್ಲಿಗೆ ಹೋಗುತ್ತೆ, ಇಷ್ಟನ್ನು ಮುಲಾಜಿಲ್ಲದೆ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ನೋಡಿ.

ಓದಬೇಕಾದ್ದು ಜಾಸ್ತಿ ಇಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯನ್ನು ಒಂದು ಸಲ ಕುಳಿತು ಓದಿ. ಅದರ 3ನೇ ಸೆಕ್ಷನ್ ಪ್ರಕಾರ ಸರ್ಕಾರ ಒಂದು ಜಾಗವನ್ನು ಕೊಳಚೆ ಪ್ರದೇಶ ಅಂತ ಘೋಷಿಸುತ್ತದೆ. ಸ್ಲಂ ಬೋರ್ಡಿನ (ಕೊಳಗೇರಿ ಅಭಿವೃದ್ಧಿ ಮಂಡಳಿ) ಕಡತದಲ್ಲಿ ಆ ಜಾಗಕ್ಕೆ ಗಟ್ಟಿ ನೆಲೆ ಸಿಗೋದು ಈ ಘೋಷಣೆಯಿಂದ. ಘೋಷಣೆ ಆಗದ ಕೇರಿಯಲ್ಲಿ ಜನ ತಲೆಮಾರುಗಳಿಂದ ಇದ್ದರೂ ಪ್ರತಿ ಕಚೇರಿಯಲ್ಲೂ ಮೊದಲಿನಿಂದ ಕತೆ ಹೇಳಬೇಕು. ಹಾಗಾಗಿ ಯಾವ ಕೇರಿಗೆ ಹೋದರೂ ಮೊದಲು ತಿಳಿದುಕೊಳ್ಳಿ: ಘೋಷಣೆ ಆಗಿದೆಯಾ, ನೆಲ ಯಾರದ್ದು? ಪಾಲಿಕೆಯದ್ದು, ಕಂದಾಯ ಇಲಾಖೆಯದ್ದು, ಖಾಸಗಿಯದ್ದು, ರೈಲ್ವೆಯದ್ದು, ಒಂದೊಂದಕ್ಕೂ ದಾರಿ ಬೇರೆ. ರೈಲ್ವೆ ಅಥವಾ ರಕ್ಷಣಾ ಇಲಾಖೆಯ ನೆಲ ಅಂದರೆ ಕೇಂದ್ರ ಸರ್ಕಾರದ ಮಾತು ಬರುತ್ತದೆ, ಸ್ಲಂ ಬೋರ್ಡ್ ಒಂದರಿಂದಲೇ ಮುಗಿಯಲ್ಲ. ಇನ್ನೊಂದು ಗೊಂದಲ ಈಗ ಸೇರಿಕೊಂಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹಳೇ ಕಾಗದದಲ್ಲಿ ಬಿಬಿಎಂಪಿ ಅಂತಲೇ ಇರುತ್ತೆ, ಇನ್ನೂ ಹಳೇದಾದರೆ ಬರೀ ಬೆಂಗಳೂರು ಮಹಾನಗರ ಪಾಲಿಕೆ. ಗಾಬರಿ ಬೇಡ, ಹಳೇ ವಾರ್ಡ್ ನಂಬರನ್ನೂ ಈಗಿನ ಪಾಲಿಕೆಯ ಹೆಸರನ್ನೂ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಇನ್ನು ಕೇರಿಗೆ ಹೋಗೋದು. ಬೆಳಿಗ್ಗೆ ಹತ್ತಕ್ಕೆ ಬ್ಯಾಗ್ ಹಾಕಿಕೊಂಡು ಹೋದರೆ ಬಾಗಿಲಿಗೆ ಬೀಗ ಇರುತ್ತೆ. ಪೌರಕಾರ್ಮಿಕರು ಬೆಳಕು ಹರಿಯೋ ಮೊದಲೇ ಹೋಗಿ ಮಧ್ಯಾಹ್ನ ಬರ್ತಾರೆ, ಮನೆಗೆಲಸದವರು ಊಟದ ಹೊತ್ತಿಗೆ ಸಿಗಬಹುದು, ಗಾರ್ಮೆಂಟ್ಸ್‌ನವರು ಸಂಜೆ ಏಳರ ಮೇಲೆ ಅಥವಾ ಭಾನುವಾರ. ನೀರು ಬರೋ ಹೊತ್ತಲ್ಲಿ ಯಾರ ಹತ್ತಿರವೂ ಫಾರಂ ಹಿಡಿದು ನಿಲ್ಲಬೇಡಿ, ಸುಮ್ನೆ ಒಂದು ಕೊಡ ಎತ್ತಿಕೊಡಿ. ಕೇರಿಯಲ್ಲಿ ತಮಿಳು, ತೆಲುಗು, ಉರ್ದು ಎಲ್ಲಾ ಇರುತ್ತೆ. ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯ ಕನ್ನಡ ಕೇಳುತ್ತೆ. ಈ ಶೆಡ್ಡಿನವರನ್ನೂ ಬಾಡಿಗೆಯವರನ್ನೂ ಸರ್ವೆಯಲ್ಲಿ ಬಿಟ್ಟುಬಿಡೋದು ಬಹಳ ಸುಲಭ, ಯಾಕಂದ್ರೆ ಮಾಲೀಕರು ಮುಂದೆ ಬಂದು ಮಾತಾಡ್ತಾರೆ, ಇವರು ಹಿಂದೆ ನಿಲ್ತಾರೆ. ಬೇಕಂತಲೇ ಹೋಗಿ ಕೇಳಿ.

ಫಾರಂ ತೆಗೆದ ತಕ್ಷಣ ಬರೋ ಪ್ರಶ್ನೆ ಒಂದೇ: "ಮನೆ ಯಾವಾಗ ಕೊಡ್ತೀರಾ?" ಇಲ್ಲಿ ನಗುತ್ತಾ "ಬರುತ್ತೆ ಅಮ್ಮ" ಅನ್ನೋ ಬಾಯಿಗೆ ಬೀಗ ಹಾಕಿ. ಅವರು ಇಂಥ ಸರ್ವೆ ಎಷ್ಟೋ ನೋಡಿದ್ದಾರೆ. "ನಾವು ಮನೆ ಕೊಡೋರಲ್ಲ, ನಿಮ್ಮ ಹತ್ತಿರ ಯಾವ ಕಾಗದ ಇದೆ, ಯಾವುದು ಇಲ್ಲ ಅಂತ ನೋಡೋಕೆ ಬಂದಿದ್ದೀವಿ" ಅನ್ನಿ. ಕೆಲವರು ಎದ್ದು ಹೋಗ್ತಾರೆ. ಹೋಗಲಿ.

ಈಗ ಕಾಗದ. ಎಲ್ಲವನ್ನೂ ನೆಲದ ಮೇಲೆ ತಾರೀಕಿನ ಪ್ರಕಾರ ಜೋಡಿಸಿ: ಸ್ಲಂ ಬೋರ್ಡಿನ ಹಳೇ ಗುರುತಿನ ಚೀಟಿ, ಹಕ್ಕುಪತ್ರ (ಮನೆ ಅಥವಾ ಜಾಗದ ಹಕ್ಕಿಗೆ ಸರ್ಕಾರ ಕೊಡೋ ಪತ್ರ), ಕರೆಂಟ್ ಬಿಲ್, ರೇಷನ್ ಕಾರ್ಡ್, ವೋಟರ್ ಐಡಿ, ಆಧಾರ್. ಅತಿ ಹಳೇದು ಅತಿ ಮುಖ್ಯ, ಎಷ್ಟು ವರ್ಷದಿಂದ ಇದ್ದಾರೆ ಅಂತ ಹೇಳೋದು ಅದೇ. ಆಮೇಲೆ ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ. ಹಕ್ಕುಪತ್ರದಲ್ಲಿ "ಲಕ್ಷ್ಮಮ್ಮ ಕೋಂ ಮುನಿಯಪ್ಪ" (ಕೋಂ ಅಂದರೆ ಹೆಂಡತಿ), ರೇಷನ್ ಕಾರ್ಡಿನಲ್ಲಿ "ಲಕ್ಷ್ಮೀದೇವಮ್ಮ", ಆಧಾರ್‌ನಲ್ಲಿ "ಲಕ್ಷ್ಮಿ ಎಂ" ಅಂತ ಇರುತ್ತೆ. ಮೂರೂ ಒಬ್ಬರೇ ಅಂತ ಕೇರಿಗೆಲ್ಲಾ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇಂಥ ಕಡೆ ಅಫಿಡವಿಟ್ ಬೇಕಾಗುತ್ತೆ, ಇಲ್ಲಾ ಒಂದು ದಾಖಲೆಯನ್ನು ತಿದ್ದಿಸಬೇಕಾಗುತ್ತೆ. ಯಾವುದನ್ನು ತಿದ್ದಿಸೋದು ಅಂತ ನೀವೇ ತೀರ್ಮಾನ ಮಾಡಬೇಡಿ, ಸಂಸ್ಥೆಯ ಹಿರಿಯರನ್ನು ಕೇಳಿ. ಹಕ್ಕುಪತ್ರ ಯಾರ ಹೆಸರಲ್ಲಿದೆಯೋ ಅವರು ಬದುಕಿದ್ದಾರಾ ಅಂತಲೂ ನೋಡಿ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಜಗಳ, ಎಲ್ಲಾ ಸಾಲಾಗಿ ಬರುತ್ತೆ.

ಒರಿಜಿನಲ್ ಕಾಗದವನ್ನು ಯಾವ ಕಾರಣಕ್ಕೂ ಕೇರಿಯಿಂದ ಹೊರಗೆ ತರಬೇಡಿ. ಜೆರಾಕ್ಸ್ ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ. ಮೊಬೈಲಲ್ಲಿ ಫೋಟೊ ತೆಗೆದರೆ ಕೇಳಿ ತೆಗೆಯಿರಿ, ಆಧಾರ್‌ನ ಮೊದಲ ಎಂಟು ಅಂಕಿ ಮುಚ್ಚಿ. ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪಿಗೆ ಅದನ್ನ ಹಾಕಿದರೆ ನಾಳೆಯಿಂದ ಬರಬೇಡಿ ಅಂತಲೇ ಹೇಳ್ತಾರೆ, ಹೇಳಲೇಬೇಕು.

ಕಚೇರಿ ಕೆಲಸಕ್ಕೆ ಬರೋಣ. ಶೇಷಾದ್ರಿಪುರದ ಸ್ಲಂ ಬೋರ್ಡಿಗೋ, ಕಾವೇರಿ ಭವನದಲ್ಲಿರೋ ರಾಜೀವ್ ಗಾಂಧಿ ವಸತಿ ನಿಗಮಕ್ಕೋ ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದು ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ (ಅರ್ಜಿ ಬಂದಿದ್ದಕ್ಕೆ ಕಚೇರಿ ಹಾಕೋ ನಂಬರ್) ಹಾಕಿಸಿಕೊಳ್ಳಿ. "ನೋಡ್ತೀವಿ ಬಿಡಿ" ಅಂದರೆ ಒಪ್ಪಬೇಡಿ, ಬರವಣಿಗೆಯಲ್ಲಿ ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯ ಉತ್ತರ, ಕೇಳಿ. ಆಗಲ್ಲ ಅನ್ನೋ ಹಿಂಬರಹ ಕೂಡ ಬಹಳ ಉಪಯೋಗದ ಕಾಗದ, ಯಾಕಂದ್ರೆ ಅದರ ಮೇಲೆ ಮೇಲ್ಮನವಿ ಹೋಗಬಹುದು.

ಆರ್‌ಟಿಐ ಬರೆಯೋದು ಹೆಚ್ಚಾಗಿ ಇಂಟರ್ನ್‌ಗಳ ಪಾಲಿಗೇ ಬರುತ್ತೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಹಾಗಾಗಿ ಕೇರಿಯವರ ಹೆಸರಲ್ಲೇ ಹಾಕಿದರೆ ಒಳ್ಳೇದು, ಅವರು ಒಪ್ಪಿದರೆ ಮಾತ್ರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹೊಸಬರು ತಪ್ಪೋದು ಇಲ್ಲೇ: "ನಮಗೆ ಯಾಕೆ ಇನ್ನೂ ಮನೆ ಕೊಟ್ಟಿಲ್ಲ?" ಅಂತ ಬರೀತಾರೆ. ಯಾಕೆ ಅಂತ ಕೇಳಿದರೆ ಉತ್ತರ ಬರಲ್ಲ, ದಾಖಲೆ ಕೇಳಿ. "ಈ ಪ್ರದೇಶವನ್ನು ಘೋಷಿಸಿದ ಅಧಿಸೂಚನೆಯ ಪ್ರತಿ, ಫಲಾನುಭವಿಗಳ ಅನುಮೋದಿತ ಪಟ್ಟಿಯ ಪ್ರತಿ ಕೊಡಿ." ಇಷ್ಟೇ. 30 ದಿನದಲ್ಲಿ ಏನೂ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಆ ತಾರೀಕನ್ನ ಸಂಸ್ಥೆಯ ಗೋಡೆ ಕ್ಯಾಲೆಂಡರಿನಲ್ಲಿ ಬರೀರಿ, ನಿಮ್ಮ ಫೋನಲ್ಲಲ್ಲ, ಫೋನು ನಿಮ್ಮ ಜೊತೆ ಹೋಗುತ್ತೆ.

ಯೋಜನೆಗಳ ಬಗ್ಗೆ ಒಂದೆರಡು ಮಾತು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ, ನಗರಗಳಿಗೆ ಈಗ 2.0 ಆಗಿ ನಡೀತಿದೆ. ಮನೆಯವರ ಹೆಸರಲ್ಲಿ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ವರ್ಷದ ಆದಾಯ 3 ಲಕ್ಷದ ಒಳಗಿರಬೇಕು. ಆದರೆ ಜನ ಸಿಕ್ಕಿಹಾಕಿಕೊಳ್ಳೋದು ಅರ್ಹತೆಯಲ್ಲಿ ಅಲ್ಲ, ಫ್ಲಾಟಿಗೆ ತಾವು ಕಟ್ಟಬೇಕಾದ ವಂತಿಕೆಯಲ್ಲಿ, ಮತ್ತೆ ಊರಾಚೆಯ ಫ್ಲಾಟಿನಿಂದ ಕೆಲಸದ ಮನೆಗೆ ಎರಡು ಬಸ್ ಹಿಡಿಯೋದರಲ್ಲಿ. ಸರ್ವೆಯಲ್ಲಿ ಈ ಎರಡಕ್ಕೂ ಕಾಲಂ ಇಲ್ಲದಿದ್ದರೆ ಸೇರಿಸೋಕೆ ಕೇಳಿ.

ಅಕಸ್ಮಾತ್ ನೀವಿದ್ದಾಗಲೇ ತೆರವಿನ ನೋಟಿಸ್ ಬಂದರೆ ಭಾಷಣ ಮಾಡೋಕೆ ಹೋಗಬೇಡಿ. ನೋಟಿಸಿನ ತಾರೀಕು, ಸಹಿ ಯಾರದ್ದು, ಎಷ್ಟು ದಿನದ ಗಡುವು, ಇಷ್ಟನ್ನು ಬರೆದುಕೊಂಡು ಸಂಸ್ಥೆಗೆ ಕೂಡಲೇ ಫೋನ್ ಮಾಡಿ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ಮನೆಗಳನ್ನ ತೆರವು ಮಾಡಿದಾಗ ಏನಾಯ್ತು ಅಂತ ಹಳೇ ಪತ್ರಿಕೆ ತೆಗೆದು ಓದಿದರೆ ಅವಸರ ಯಾಕೆ ಅಂತ ಅರ್ಥ ಆಗುತ್ತೆ.

ಕೊನೇ ವಾರ ಪೂರ್ತಿ ಫೈಲಿಗೆ ಇಟ್ಟುಬಿಡಿ. ಒಂದೊಂದು ಮನೆಗೆ ಒಂದು ಹಾಳೆ: ಯಾವ ಅರ್ಜಿ, ಯಾವ ಕಚೇರಿ, ಯಾವ ಟೇಬಲ್, ಇನ್‌ವರ್ಡ್ ನಂಬರ್, ಮುಂದಿನ ತಾರೀಕು. ಕಾಲೇಜಿಗೆ ಕೊಡೋ ರಿಪೋರ್ಟ್ ಯಾವ ಭಾಷೆಯಲ್ಲಾದರೂ ಇರಲಿ, ಕೇರಿಗೆ ಕನ್ನಡದಲ್ಲಿ ಎರಡು ಪುಟ ಬರೆದು ಸಂಘದ ಹೆಂಗಸರ ಮುಂದೆ ಓದಿ ಹೇಳಿ. ಅವರು ತಪ್ಪು ಹಿಡೀತಾರೆ. ಆ ತಿದ್ದುಪಡಿಗಳನ್ನ ಫೈಲಿನಲ್ಲೂ ಹಾಕಿ, ಆಮೇಲೆ ಸರ್ಟಿಫಿಕೇಟ್ ಕೇಳಿ.