ಬ್ಯಾಂಕಾಕ್‌ನಲ್ಲಿ ಏರಿಯಾ ಆರಿಸುವ ಮೊದಲು ಗಡಿಯಾರ ನೋಡಿ

ಬ್ಯಾಂಕಾಕ್‌ನಲ್ಲಿ ಕೂತು ದೂರದ ಆಫೀಸಿಗೆ ಕೆಲಸ ಮಾಡುವವರು ಮೊದಲು ಲೆಕ್ಕ ಹಾಕಬೇಕಾದ್ದು ತಮ್ಮ ಕೆಲಸ ಅಲ್ಲಿನ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು. ಅಲ್ಲಿನ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಿನ 10ರಿಂದ 7ರ ಕೆಲಸ ಅಲ್ಲಿ 11.30ರಿಂದ ರಾತ್ರಿ 8.30. ಲಂಡನ್ನಿನ ಬೆಳಗಿನ 9 ಎಂದರೆ ಬೇಸಿಗೆಯಲ್ಲಿ ಮಧ್ಯಾಹ್ನ 3, ಚಳಿಗಾಲದಲ್ಲಿ 4. ನ್ಯೂಯಾರ್ಕಿನ 9 ಎಂದರೆ ರಾತ್ರಿ 8 ಅಥವಾ 9, ಮುಗಿಯುವ ಹೊತ್ತಿಗೆ ನಸುಕು. ಸ್ಕೈಟ್ರೈನ್, ಅಂದರೆ ಬಿಟಿಎಸ್, ಮಧ್ಯರಾತ್ರಿಯ ಸುಮಾರಿಗೆ ನಿಂತುಬಿಡುತ್ತದೆ. ಇಷ್ಟರಲ್ಲೇ ಅರ್ಧ ಏರಿಯಾಗಳು ಪಟ್ಟಿಯಿಂದ ಹೊರಬೀಳುತ್ತವೆ.

ಬೆಂಗಳೂರಿನ ಸಮಯದವರಿಗೆ ಆನ್ ನಟ್‌ನಿಂದ ಪುನ್ನವಿತಿವರೆಗಿನ ಬಿಟಿಎಸ್ ಸಾಲು ಹೇಳಿ ಮಾಡಿಸಿದ ಹಾಗಿದೆ. ಬೆಳಗಿನ ಹೊತ್ತು ಪೂರ್ತಿ ಕೈಯಲ್ಲಿರುತ್ತದೆ, ಬಾಡಿಗೆ ನಗರದ ನಡುವಿಗಿಂತ ಕಡಿಮೆ. ಒಂದು ಕೋಣೆಯ ಸ್ಟುಡಿಯೋ ಸಾಮಾನ್ಯವಾಗಿ 10ರಿಂದ 15 ಸಾವಿರ ಬಾತ್‌ಗೆ ಸಿಗುತ್ತದೆ. ಮನೆಯಲ್ಲಿ ಕೂತು ಬೇಸರವಾದರೆ ಪುನ್ನವಿತಿ ನಿಲ್ದಾಣಕ್ಕೆ ಅಂಟಿಕೊಂಡೇ, ಕೂತು ಕೆಲಸ ಮಾಡಲು ಜಾಗವಿರುವ ಟ್ರೂ ಡಿಜಿಟಲ್ ಪಾರ್ಕ್ ಇದೆ. ಲಂಡನ್ ಸಮಯದವರು ಆರಿ ಎಂಬ ಏರಿಯಾ ನೋಡಬೇಕು: ಹಳೆಯ ವಸತಿ ಬಡಾವಣೆ, ಮರಗಳು, ಹಗಲಿನ ಕೆಫೆಗಳು. ಅಲ್ಲಿ ಬಾಡಿಗೆ ಜಾಸ್ತಿಯೆನಿಸಿದರೆ ಮುಂದಿನ ನಿಲ್ದಾಣ ಸಫಾನ್ ಖ್ವಾಯ್‌ಗೆ ಹೋಗಿ. ಅಮೆರಿಕದ ಸಮಯದವರಿಗೆ ಅಸೋಕ್, ಫ್ರೋಮ್ ಫೋಂಗ್ ಸುತ್ತಮುತ್ತ ದುಬಾರಿಯಾದರೂ ಸರಿ. ಅಪರಾತ್ರಿಯಲ್ಲೂ ಊಟ ಸಿಗುತ್ತದೆ, ರಸ್ತೆಯಲ್ಲಿ ಜನರಿರುತ್ತಾರೆ. ಫಾಹುರತ್‌ನ ಭಾರತೀಯ ಬಜಾರು ಬೇಳೆ, ಮಸಾಲೆಗೆ ಒಳ್ಳೆಯದು, ವಾಸಕ್ಕಲ್ಲ.

ಎಲ್ಲರೂ ಎಡವುವುದು ಸೊಯ್ ವಿಷಯದಲ್ಲಿ. ಸೊಯ್ ಎಂದರೆ ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆ. ಸುಖುಮ್ವಿತ್‌ನಲ್ಲಿ ಬೆಸ ಸಂಖ್ಯೆಗಳೆಲ್ಲ ಉತ್ತರಕ್ಕೆ, ಸಮ ಸಂಖ್ಯೆಗಳೆಲ್ಲ ದಕ್ಷಿಣಕ್ಕೆ. ಎದುರುಬದುರು ಸಂಖ್ಯೆಗಳಿಗೆ ತಾಳಮೇಳವಿಲ್ಲ. ಎಷ್ಟೋ ಸೊಯ್‌ಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಮ್ಯಾಪಿನಲ್ಲಿ 300 ಮೀಟರ್ ಕಾಣುವ ಅಂಗಡಿಗೆ ನಡೆದು ಹೋಗಲು ಒಂದೂವರೆ ಕಿಲೋಮೀಟರ್ ಆಗಬಹುದು. 'ಥೋಂಗ್ ಲೋ ಹತ್ತಿರ' ಎಂಬ ಜಾಹೀರಾತಿನ ಮನೆ ನಿಲ್ದಾಣದಿಂದ 2 ಕಿಲೋಮೀಟರ್ ಒಳಗಿರಬಹುದು. ಆನ್ ನಟ್ ರಸ್ತೆಯಂತೂ ನಿಲ್ದಾಣದಿಂದ ಲಾತ್ ಕ್ರಾಬಾಂಗ್ ಕಡೆಗೆ ಎಷ್ಟೋ ಕಿಲೋಮೀಟರ್ ಓಡುತ್ತದೆ, ಅದರ ಮೇಲಿನ ಮನೆಗಳೆಲ್ಲ 'ಆನ್ ನಟ್' ಮನೆಗಳೇ! ಆದ್ದರಿಂದ ಕಟ್ಟಡದ ಗೇಟಿನಿಂದ ನಿಲ್ದಾಣದ ಮೆಟ್ಟಿಲಿನವರೆಗೆ ನಡಿಗೆಯ ದಾರಿ ಹಾಕಿ ನೋಡಿ. 800 ಮೀಟರ್ ಮೀರಿದರೆ ಆ ಸೆಕೆಯಲ್ಲಿ ದಿನಾ ಕಿತ್ತಳೆ ಅಂಗಿಯ ಬೈಕ್ ಟ್ಯಾಕ್ಸಿಯೇ ಗತಿ. ಬ್ಯಾಂಕಾಕ್ ಬೆಂಗಳೂರಿನ ಅಕ್ಷಾಂಶಕ್ಕೆ ಹತ್ತಿರವೇ, ಆದರೆ ನಮ್ಮ 900 ಮೀಟರ್ ಎತ್ತರ ಅದಕ್ಕಿಲ್ಲ. ಸಮುದ್ರ ಮಟ್ಟದಲ್ಲೇ ಇದೆ.

ಬಿಟಿಎಸ್ ಮತ್ತು ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೋ, ಬೇರೆ ಬೇರೆ ಸಂಸ್ಥೆಗಳು. ಬಿಟಿಎಸ್‌ನ ರ್‍ಯಾಬಿಟ್ ಕಾರ್ಡ್ ಎಂಆರ್‌ಟಿಯ ನೀಲಿ ಮಾರ್ಗದಲ್ಲಿ ನಡೆಯುವುದಿಲ್ಲ. ದಿನಾ ಹೋಗಬೇಕಾದ ಜಾಗ ಮನೆಯ ಮಾರ್ಗದಲ್ಲೇ ಇರಲಿ.

ಆನ್‌ಲೈನಿನಲ್ಲಿ ಫೋಟೋ ನೋಡಿ ಆರು ತಿಂಗಳ ಬಾಡಿಗೆ ಕಟ್ಟಬೇಡಿ. ಎರಡು ಏರಿಯಾ ಆರಿಸಿ, ಒಂದೊಂದರಲ್ಲೂ ನಾಲ್ಕೈದು ರಾತ್ರಿ ಹೋಟೆಲಿನಲ್ಲಿರಿ. ಹಿಡಿಸಿದ ಕಟ್ಟಡವನ್ನು ಮೂರು ಹೊತ್ತಿನಲ್ಲಿ ನೋಡಿ: ಬೆಳಿಗ್ಗೆ 8, ಸಂಜೆ 6, ಮತ್ತು ನೀವು ನಿದ್ದೆಯಲ್ಲಿರುವ ಹೊತ್ತು. ಅಮೆರಿಕದ ಸಮಯದವರಿಗೆ ಈ ಮೂರನೆಯದು ಬೆಳಿಗ್ಗೆ 9, 10 ಗಂಟೆ. ಪಕ್ಕದಲ್ಲಿ ಖಾಲಿ ಸೈಟೋ ತಗಡಿನ ಬೇಲಿಯೋ ಕಂಡರೆ ಆ ಕಡೆಯ ಕೋಣೆ ಬೇಡವೇ ಬೇಡ. ಪೈಲಿಂಗ್ ಯಂತ್ರ ಶುರುವಾದರೆ ತಿಂಗಳುಗಟ್ಟಲೆ ಹಗಲು ನಿದ್ದೆ ಇರುವುದಿಲ್ಲ. ಎಕ್ಕಮೈ, ಥೋಂಗ್ ಲೋಗಳಲ್ಲಿ ತೊಂದರೆ ಉಲ್ಟಾ, ರಾತ್ರಿಯ ಬಾರುಗಳದ್ದು.

ಕೋಣೆಯೊಳಗೆ ಹೋದ ಮೇಲೆ ಮೊದಲು ಕಿಟಕಿ ಯಾವ ದಿಕ್ಕಿಗಿದೆ ನೋಡಿ. ಪಶ್ಚಿಮದ ಗಾಜಿನ ಗೋಡೆ ಮಧ್ಯಾಹ್ನ 2ರ ಮೇಲೆ ಕಾದು ಹೆಂಚಾಗುತ್ತದೆ, ಎಸಿ ನಿಲ್ಲುವುದೇ ಇಲ್ಲ. ಆಮೇಲೆ ಕರೆಂಟಿನ ದರ ಕೇಳಿ. ಕಾಂಡೋ ಎಂದರೆ ಒಂದೊಂದು ಮನೆಗೂ ಬೇರೆ ಓನರ್. ಬಿಲ್ ನೇರ ವಿದ್ಯುತ್ ಸಂಸ್ಥೆಯದ್ದಾದರೆ ಯೂನಿಟ್‌ಗೆ ಸುಮಾರು 4 ಬಾತ್ ಬೀಳುತ್ತದೆ. ಅಪಾರ್ಟ್‌ಮೆಂಟ್ ಎಂದರೆ ಇಡೀ ಕಟ್ಟಡ ಒಬ್ಬರದೇ, ಅಲ್ಲಿ ಅವರೇ 7, 8 ಬಾತ್ ಹಾಕುವುದುಂಟು. ದಿನಕ್ಕೆ 8 ಗಂಟೆ ಎಸಿ ಓಡಿದರೆ ತಿಂಗಳಿಗೆ ಸುಮಾರು 200 ಯೂನಿಟ್: ಒಂದು ಕಡೆ 800 ಬಾತ್, ಇನ್ನೊಂದು ಕಡೆ 1,600.

ಇಂಟರ್ನೆಟ್ಟನ್ನು ಸ್ಪೀಡ್ ಟೆಸ್ಟ್ ನಂಬಿ ಬಿಡಬೇಡಿ. ಮೇಜು ಹಾಕುವ ಜಾಗದಲ್ಲೇ ನಿಂತು ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿ. ರೂಟರ್ ಕೋಣೆಯೊಳಗಿದೆಯೋ ಹಜಾರದಲ್ಲಿ ಎಲ್ಲರಿಗೂ ಒಂದೇ ಇದೆಯೋ ಕೇಳಿ. ಬ್ಯಾಕಪ್‌ಗೆ ಮೊಬೈಲ್ ಸಿಮ್ ಬೇಕೇ ಬೇಕು. ಟ್ರೂ ಮತ್ತು ಡಿಟ್ಯಾಕ್ 2023ರಲ್ಲಿ ಒಂದೇ ಕಂಪನಿಯಾದವು, ಹಾಗಾಗಿ ಅವೆರಡರ ಸಿಮ್ ಇಟ್ಟುಕೊಂಡು ನಿಶ್ಚಿಂತೆಯಿಂದಿರಬೇಡಿ. ಮನೆಯಲ್ಲಿ ಟ್ರೂ ಫೈಬರ್ ಇದ್ದರೆ ಸಿಮ್ ಬೇರೆ ಕಂಪನಿಯಾದ ಎಐಎಸ್‌ನದ್ದಿರಲಿ.

ಅಡುಗೆ ಮಾಡಿಕೊಳ್ಳುವವರು, ಅದರಲ್ಲೂ ಸಸ್ಯಾಹಾರಿಗಳು, ಒಲೆ ನೋಡದೆ ಒಪ್ಪಬೇಡಿ. ಎಷ್ಟೋ ಸ್ಟುಡಿಯೋಗಳಲ್ಲಿ ಮೈಕ್ರೋವೇವ್ ಬಿಟ್ಟು ಏನೂ ಇರುವುದಿಲ್ಲ, ಕಾಂಡೋಗಳಲ್ಲಿ ಗ್ಯಾಸ್ ಸಿಲಿಂಡರಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಇಂಡಕ್ಷನ್ ಇದ್ದರೆ ಅದಕ್ಕೆ ಹೊಂದುವ ತಳದ ಕುಕ್ಕರ್ ಊರಿಂದಲೇ ತನ್ನಿ. ಒಗ್ಗರಣೆಯ ಹೊಗೆ ಹೋಗಲು ಬಾಲ್ಕನಿ ಬೇಕು. ಹೊರಗೆ ತಿನ್ನುವಾಗ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ', ಅಂದರೆ ಸಸ್ಯಾಹಾರದ, ಗುರುತು ಹುಡುಕಿ. ಉಳಿದ ಕಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು ಮಳೆ ಬಂದರೆ ತಗ್ಗಿನ ಸೊಯ್‌ಗಳಲ್ಲಿ ನೀರು ನಿಲ್ಲುತ್ತದೆ. ಅಂಗಡಿಗಳ ಹೊಸಿಲು ರಸ್ತೆಗಿಂತ ಎರಡು ಮೆಟ್ಟಿಲು ಎತ್ತರವಿದ್ದರೆ, ಬಾಗಿಲ ಬದಿಗೆ ಮರಳುಚೀಲ ಬಿದ್ದಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಾಳಿ ಕೆಡುತ್ತದೆ. ಕಿಟಕಿಯ ಸಂದುಗಳನ್ನು ಬೆರಳಿಂದ ಮುಟ್ಟಿ ನೋಡಿ, ಏರ್ ಪ್ಯೂರಿಫೈಯರಿಗೆ ದುಡ್ಡು ತೆಗೆದಿಡಿ.

ಕರಾರಿಗೆ ಸಾಮಾನ್ಯವಾಗಿ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಬಾಡಿಗೆ. ಬೆಂಗಳೂರಿನ ಅಡ್ವಾನ್ಸಿನ ಮುಂದೆ ಇದು ಹಗುರವೇ. ಆದರೆ ಓನರುಗಳು ಇಷ್ಟಪಡುವುದು ಒಂದು ವರ್ಷದ ಕರಾರು, ಮಧ್ಯೆ ಬಿಟ್ಟರೆ ಡಿಪಾಸಿಟ್ ಮುಳುಗುತ್ತದೆ. ದೂರದ ಆಫೀಸಿಗೆ ಕೆಲಸ ಮಾಡುವವರೂ ಪಡೆಯಬಹುದಾದ, 2024ರಲ್ಲಿ ಬಂದ ಡಿಟಿವಿ ವೀಸಾದಲ್ಲಿ ಒಮ್ಮೆ ಒಳಹೋದರೆ ಸಿಗುವುದು 180 ದಿನ, ಅದಕ್ಕೆ ಹೊಂದುವಂತೆ ಆರು ತಿಂಗಳಿಗೆ ಕೇಳಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ. ಹಣ ಕೊಡುವ ಮೊದಲು ಇನ್ನೊಂದು ಪ್ರಶ್ನೆ: ಟಿಎಂ 30 ಮಾಡಿಸುತ್ತೀರಾ? ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಮನೆಯ ಓನರ್ ಇಮಿಗ್ರೇಶನ್‌ಗೆ ತಿಳಿಸಬೇಕಾದ ನಮೂನೆ ಅದು. ಮುಂದೆ ಇಮಿಗ್ರೇಶನ್ ಆಫೀಸಿನಲ್ಲಿ ಕೆಲಸವಿದ್ದಾಗ ಸಾಮಾನ್ಯವಾಗಿ ಆ ರಸೀದಿ ಕೇಳುತ್ತಾರೆ. ಓನರ್ ತಡವರಿಸಿದರೆ, ಕೋಣೆ ಎಷ್ಟೇ ಚೆನ್ನಾಗಿದ್ದರೂ ಅದೇ ಸೊಯ್‌ನ ಮುಂದಿನ ಕಟ್ಟಡಕ್ಕೆ ನಡೆಯಿರಿ.