ಬೇವು ಕೈಕೊಟ್ಟಿತು, ಬಾದಾಮಿ ಎಲೆ ಕೈಹಿಡಿಯಿತು

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನಮ್ಮ ಮನೆ. ಆರು ವರ್ಷದಿಂದ ಮೀನು ಸಾಕುತ್ತಿದ್ದೇನೆ. 100 ಲೀಟರಿನ ಟ್ಯಾಂಕಿನಲ್ಲಿ ಗೋಲ್ಡ್ ಫಿಷ್, 40 ಲೀಟರಿನದರಲ್ಲಿ ಮಾಲಿ, 15 ಲೀಟರಿನ ಚಿಕ್ಕದರಲ್ಲಿ ಒಂದೇ ಒಂದು ಫೈಟರ್. ಮೀನಿಗೆ ಕಾಯಿಲೆ ಬಂದಾಗ ಮನೆಮದ್ದು ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡಿದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಹೇಳುತ್ತೇನೆ.

ಮೊದಲು ಬೇವಿನ ಕಥೆ. ಮಾಲಿಗಳು ರೆಕ್ಕೆ ಮುದುರಿಕೊಂಡು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಅವ್ವ ನೋಡಿ, "ನಮಗ ಅಮ್ಮ ಬಂದಾಗ ಬೇವಿನ ಸೊಪ್ಪಿನ ನೀರು ಹಾಕಂಗಿಲ್ಲೇನು? ಮೀನಿಗೂ ಹಾಕು" ಅಂದಳು. ನನಗೂ ಸರಿ ಅನಿಸಿತು. ಎರಡು ಹಿಡಿ ಸೊಪ್ಪು ಕುದಿಸಿ, ಆರಿಸಿ, ಸೋಸಿ ಒಂದು ಚೊಂಬು ಸುರಿದೆ. ಒಂದೇ ಗಂಟೆಯಲ್ಲಿ ಎಲ್ಲಾ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡತೊಡಗಿದವು. ಅರ್ಧ ನೀರು ಬದಲಾಯಿಸಿದೆ, ಇನ್ನೊಂದು ಏರ್ ಪಂಪ್ ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಏಳರಲ್ಲಿ ನಾಲ್ಕು ಸತ್ತಿದ್ದವು. ಆ ನಾಲ್ಕನ್ನು ತುಳಸಿ ಕಟ್ಟೆಯ ಹಿಂದೆ ಹೂತಿದ್ದು ಇನ್ನೂ ಕಣ್ಣ ಮುಂದಿದೆ.

ಬೇವಿನ ಕಹಿ ಅಂಶ ಜಾಸ್ತಿ ಆದರೆ ಮೀನಿಗೆ ವಿಷ. ಮನೆಯಲ್ಲಿ ಕುದಿಸಿದ ಕಷಾಯ ಎಷ್ಟು ಗಟ್ಟಿ ಇದೆ ಅಂತ ಅಳೆಯೋಕೆ ಆಗಲ್ಲ. ಜೊತೆಗೆ ಸೊಪ್ಪಿನ ರಸ ನೀರಿನಲ್ಲಿ ಕೊಳೆಯುವಾಗ ಆಮ್ಲಜನಕವನ್ನೂ ತಿನ್ನುತ್ತದೆ. ಗಿಡಮೂಲಿಕೆ ಅಂದಮಾತ್ರಕ್ಕೆ ಮೀನಿಗೆ ಹಿತ ಅನ್ನೋದು ಸುಳ್ಳು. ಸಾಕಣೆ ಹೊಂಡಗಳಲ್ಲಿ ಬೇಡದ ಮೀನು ಕೊಲ್ಲೋಕೆ ಬಳಸುವ ಇಪ್ಪೆ ಹಿಂಡಿಯೂ ಗಿಡದ್ದೇ ಅಲ್ವಾ?

ಬಾದಾಮಿ ಎಲೆ ಮಾತ್ರ ನನಗೆ ನಿಜವಾಗಿ ನೆರವಾಗಿದೆ. ಫೈಟರಿನ ಬಾಲದ ಅಂಚು ಕರಗುತ್ತಾ ಬಂದಿತ್ತು, ಹರಿದ ಬಟ್ಟೆಯ ಹಾಗೆ. ಅಂಗಡಿಗೆ ಹೋದರೆ ಹುಡುಗ ಒಣಗಿದ ಎಲೆಯ ಪ್ಯಾಕೆಟ್ ತೋರಿಸಿದ. "ಅಕ್ಕಾರ, ಇದು ಬ್ಯಾರೆ ಏನಲ್ರೀ, ಸಾಲಿ ಮುಂದ ಇರ್ತಾವಲ್ಲ, ಅದ ಬಾದಾಮಿ ಗಿಡದ ಎಲಿ" ಅಂದ. ಡ್ರೈ ಫ್ರೂಟ್ ಬಾದಾಮಿ ಅಲ್ಲ, ನೆರಳಿಗೆ ಹಾಕುವ ಅಗಲ ಎಲೆಯ ಕಾಡು ಬಾದಾಮಿ. ಚಳಿಗಾಲದಲ್ಲಿ ಅದರ ಎಲೆ ಕೆಂಪಗಾಗಿ ತಾನೇ ಉದುರುತ್ತದೆ. ಹಾಗೆ ಉದುರಿದ್ದನ್ನೇ ಆರಿಸಬೇಕು, ಹಸಿ ಎಲೆ ಕೀಳಬಾರದು. ರಸ್ತೆ ಧೂಳು, ಕೀಟನಾಶಕ ತಾಗದ ಜಾಗ ನೋಡಿ ತರುತ್ತೇನೆ. ತೊಳೆದು, ಕೈಯಲ್ಲಿ ಮುರಿದರೆ ಗರಿಗರಿ ಅನ್ನುವ ತನಕ ಒಣಗಿಸಿ ಡಬ್ಬಿಗೆ ತುಂಬಿಡುತ್ತೇನೆ.

40-50 ಲೀಟರಿಗೆ ಅಂಗೈಗಿಂತ ದೊಡ್ಡದಾದ ಒಂದು ಎಲೆ ಸಾಕು. ಫೈಟರಿನ ಟ್ಯಾಂಕಿಗೆ ಅದರ ಮೂರನೇ ಒಂದು ಭಾಗ ಹಾಕಿದೆ. ಎರಡು ದಿನಕ್ಕೆ ನೀರು ತೆಳು ಚಹಾದ ಬಣ್ಣಕ್ಕೆ ಬಂತು. ಅದೇ ಟ್ಯಾನಿನ್, ಎಲೆಯ ಒಗರು. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುವುದನ್ನು ಅದು ಸ್ವಲ್ಪ ತಡೆಯುತ್ತದೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಒಗರನ್ನೆಲ್ಲಾ ಅದೇ ಹೀರಿಕೊಳ್ಳುತ್ತದೆ. ಎಲೆ ಜೊತೆಗೆ ದಿನಾ ಕಾಲು ಭಾಗ ನೀರು ಬದಲಾಯಿಸಿದೆ. ಹನ್ನೆರಡನೇ ದಿನ ಬಾಲದ ಅಂಚಿನಲ್ಲಿ ಗಾಜಿನಂಥ ತೆಳು ಪದರ ಕಂಡಿತು. ಹೊಸ ರೆಕ್ಕೆ! ಮನೆಯವರನ್ನೆಲ್ಲಾ ಕರೆದು ತೋರಿಸಿದೆ.

ಈ ಎಲೆ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿಸುತ್ತದೆ ಅಂತಾರೆ. ಮೆದು ನೀರಿನಲ್ಲಿ ಅದು ನಿಜ. ನಮ್ಮ ಬೋರಿನ ನೀರು ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವಷ್ಟು ಗಡುಸು. ಎಲೆ ಹಾಕುವ ಮೊದಲೂ 8, ಎರಡು ವಾರದ ನಂತರವೂ 8. ಪಿಎಚ್ ಇಳಿಸೋಕೆ ಅಂತ ಈ ಕಡೆಯವರು ಎಲೆ ಮೇಲೆ ಎಲೆ ಹಾಕಬೇಡಿ, ಸುಮ್ನೆ ಕೊಳೆಯುತ್ತವೆ.

ಗವಿಮಠದ ಜಾತ್ರೆಗೆ ಮನೆ ತುಂಬಾ ನೆಂಟರು ಬಂದಿದ್ದ ಜನವರಿಯಲ್ಲಿ ಗೋಲ್ಡ್ ಫಿಷ್‌ಗೆ ಬಿಳಿ ಚುಕ್ಕೆ ರೋಗ ಬಂತು. ಮೈಮೇಲೆ ಉಪ್ಪು ಉದುರಿಸಿದ ಹಾಗೆ. ಮಕ್ಕಳು ಪ್ರೀತಿಯಿಂದ ಹೊತ್ತು ಹೊತ್ತಿಗೂ ಕಾಳು ಹಾಕಿದ್ದರು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅಂದ್ರೆ ಉಳಿದ ಕಾಳು, ಮೀನಿನ ಹೊಲಸಿನಿಂದ ಬರುವ ವಿಷ, ಕಾಣಿಸಿತು. ರಾತ್ರಿ ಚಳಿ ಬೇರೆ. ಎರಡೂ ಸೇರಿ ಮೀನು ಸೋತಿದ್ದವು.

ಇಲ್ಲಿ ಎಲೆಯನ್ನು ನಂಬಿ ಕೂರಲಿಲ್ಲ. ಈ ರೋಗ ತರುವ ಪರಾವಲಂಬಿ ಜೀವಿ ಮೀನಿನ ಚರ್ಮದ ಒಳಗೆ ಇರುವಾಗ ನೀರಿಗೆ ಹಾಕಿದ ಯಾವ ಮದ್ದೂ ಅದಕ್ಕೆ ತಾಗುವುದಿಲ್ಲ. ಬಲಿತು ಕೆಳಗೆ ಬಿದ್ದು, ಒಂದು ನೂರಾರು ಮರಿಯಾಗಿ ಮತ್ತೆ ಮೀನು ಹುಡುಕಿಕೊಂಡು ಈಜುವಾಗ ಮಾತ್ರ ಸಾಯುತ್ತದೆ. ನೀರು ಬೆಚ್ಚಗಾದರೆ ಈ ಸುತ್ತು ಬೇಗ ಮುಗಿಯುತ್ತದೆ. ಅದಕ್ಕೆ ಹೀಟರ್ ಇಟ್ಟು, ದಿನಕ್ಕೆ ಒಂದೆರಡು ಡಿಗ್ರಿಯಂತೆ 28ಕ್ಕೆ ಏರಿಸಿದೆ. ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಲೀಟರಿಗೆ 2 ಗ್ರಾಂ ಆಗುವಂತೆ ಎರಡು ದಿನದಲ್ಲಿ ಸೇರಿಸಿದೆ. ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಏರ್ ಪಂಪ್ ಹಗಲು ರಾತ್ರಿ ಓಡಿತು. ಚುಕ್ಕೆ ಒಂದು ವಾರಕ್ಕೇ ಮಾಯವಾದವು. ಆದರೂ ಎರಡು ವಾರ ತುಂಬುವವರೆಗೆ ನಿಲ್ಲಿಸಲಿಲ್ಲ. ಗಿಡ ಇರುವ ಟ್ಯಾಂಕಿಗೆ ಇಷ್ಟು ಉಪ್ಪು ಬೇಡ.

ಬೆಳ್ಳುಳ್ಳಿ ಕೆಲಸಕ್ಕೆ ಬಂದಿದ್ದು ಆಗಲೇ. ಒಂದು ಎಸಳು ಜಜ್ಜಿ, ರಸ ಹಿಂಡಿ, ಕಾಳನ್ನು ಹತ್ತು ನಿಮಿಷ ನೆನೆಸಿ ಕೊಟ್ಟೆ. ಮೂರು ದಿನದಿಂದ ಬಾಯಿ ಮುಟ್ಟದ ಮೀನು ಆ ವಾಸನೆಗೆ ಬಂದು ತಿಂದವು. ರೋಗ ವಾಸಿ ಮಾಡಿತು ಅಂತ ನಾನು ಹೇಳಲ್ಲ, ಹಸಿವು ಹುಟ್ಟಿಸಿತು. ಜಜ್ಜಿದ ಚೂರನ್ನು ನೀರಿಗೆ ಹಾಕಬೇಡಿ.

ಅರಿಶಿನವನ್ನು ಒಮ್ಮೆ ಗಾಯಕ್ಕೆ ಹಚ್ಚಿದ್ದೆ. ನೀರಿಗೆ ಬಿಟ್ಟ ಕೂಡಲೇ ತೊಳೆದು ಹೋಯಿತು. ಮೀನನ್ನು ಹಿಡಿದು ಗಾಬರಿ ಮಾಡಿದ್ದೇ ಬಂತು, ಮತ್ತೆ ಮಾಡಿಲ್ಲ.

ಈಗ ಯಾವ ಮೀನು ಮಂಕಾದರೂ ಮೊದಲು ಅಮೋನಿಯಾ ನೋಡುತ್ತೇನೆ, ನೀರು ಬದಲಾಯಿಸುತ್ತೇನೆ, ಆಮೇಲೆ ಎಲೆಯ ಡಬ್ಬಿಗೆ ಕೈ ಹಾಕುತ್ತೇನೆ. ಹೊಟ್ಟೆ ಊದಿ ಮೈಯ ಹುರುಪೆ ಎದ್ದು ನಿಂತಿದ್ದರೆ ಡಬ್ಬಿ ತೆಗೆಯುವುದೂ ಇಲ್ಲ. ಆ ಮೀನನ್ನು ಬೇರೆ ಟಬ್ಬಿಗೆ ಹಾಕಿ, ಅವತ್ತೇ ಮೀನಿನ ಕಾಯಿಲೆ ಬಲ್ಲವರನ್ನು ಕೇಳುತ್ತೇನೆ.