ಕಟ್ಟಿಗೆಯೊಳಗಿನ ಸಾರಜನಕದ ಲೆಕ್ಕ

ಮರದ ಚಯಾಪಚಯಕ್ಕೆ ಕಂಪ್ಯೂಟರ್ ಮಾದರಿ ಕಟ್ಟುವಾಗ ನಾನು ಎಲೆಯನ್ನು ಬಿಟ್ಟು ಕಾಂಡ ಹಿಡಿದೆ. ತೊಗಟೆಯ ಕೆಳಗೆ ಹೊಸ ಕಟ್ಟಿಗೆ ಕೂಡುವ ತೆಳು ಪದರವನ್ನು. ಮರ ಪಾಪ್ಲರ್. ಮರಗಳ ಪೈಕಿ ಮೊದಲು ಜೀನೋಮ್ ಪ್ರಕಟವಾದದ್ದು ಅದರದ್ದೇ, 2006ರಲ್ಲಿ. ಹಾಗಾಗಿ ಕಿಣ್ವಗಳ ಪಟ್ಟಿ ಸಿಗುವುದು ಕಷ್ಟವಲ್ಲ.

ವಿಧಾನ ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್, ಅಂದರೆ ಜೀವಕೋಶದ ಪ್ರತಿ ಕ್ರಿಯೆಯ ಮೂಲಕ ಎಷ್ಟು ವಸ್ತು ಹರಿಯುತ್ತದೆಂಬ ಲೆಕ್ಕ, ಪೈಥಾನ್‌ನ ಕೋಬ್ರಾಪೈ ತಂತ್ರಾಂಶ ಬಳಸಿ. ಜೀವಕೋಶದೊಳಗೆ ಯಾವ ವಸ್ತುವೂ ರಾಶಿ ಬೀಳುವುದಿಲ್ಲ, ತಯಾರಾದಷ್ಟೇ ಖರ್ಚಾಗುತ್ತದೆ ಎಂಬುದು ಇದರ ಆಧಾರ. ಕಾಂಡದ ಈ ಪದರಕ್ಕೆ ಬೆಳಕಿನ ಕ್ರಿಯೆಗಳನ್ನು ಸೊನ್ನೆ ಮಾಡಿ, ಇಂಗಾಲ ಒಳಬರಲು ಸುಕ್ರೋಸ್ ಒಂದನ್ನೇ ಬಿಟ್ಟೆ. ತೊಗಟೆಯೊಳಗೆ ಆಮ್ಲಜನಕ ಕಡಿಮೆ, ಅದಕ್ಕೂ ಮಿತಿ ಹಾಕಿದೆ. ಆಮೇಲೆ ಮಾದರಿಯನ್ನು ಪರೀಕ್ಷಿಸಲು ಎಲ್ಲ ಒಳಹರಿವನ್ನೂ ಮುಚ್ಚಿ, ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಎಷ್ಟು ಹುಟ್ಟುತ್ತದೆಂದು ನೋಡಬೇಕು. ಸೊನ್ನೆ ಬರದಿದ್ದರೆ ಯಾವುದೋ ಕ್ರಿಯೆಯನ್ನು ತಪ್ಪು ದಿಕ್ಕಿನಲ್ಲೂ ಓಡಲು ಬಿಟ್ಟಿದ್ದೇವೆ ಎಂದೇ ಅರ್ಥ.

ನನಗೆ ಬಹಳ ಹಿಡಿಸಿದ ಭಾಗ ಲಿಗ್ನಿನ್, ಕಟ್ಟಿಗೆಗೆ ಗಟ್ಟಿತನ ಕೊಡುವ ವಸ್ತು. ಅದು ಅಮೈನೋ ಆಮ್ಲವಾದ ಫಿನೈಲಲನಿನ್‌ನಿಂದ ಹೊರಡುತ್ತದೆ, ಪಿಎಎಲ್ ಕಿಣ್ವ ಅದರಿಂದ ಅಮೋನಿಯವನ್ನು ಕಿತ್ತು ಬಿಡುತ್ತದೆ. ಲಿಗ್ನಿನ್‌ಗೆ ಸಾರಜನಕ ಬೇಡ, ಆದರೆ ಅದಕ್ಕೆ ಸೇರುವ ಪ್ರತಿ ಘಟಕವೂ ಒಂದು ಸಾರಜನಕ ಪರಮಾಣುವನ್ನು ಹೊತ್ತೇ ಬರುತ್ತದೆ. ಆ ಅಮೋನಿಯ ಎಲ್ಲಿಗೆ ಹೋಗಬೇಕು? ಗ್ಲುಟಮೈನ್ ಸಿಂಥೆಟೇಸ್ ಕಿಣ್ವ ಒಂದು ಎಟಿಪಿ ಖರ್ಚು ಮಾಡಿ ಅದನ್ನು ಹಿಡಿಯುತ್ತದೆ, ಗೋಗ್ಯಾಟ್ ಎಂಬ ಇನ್ನೊಂದು ಕಿಣ್ವ ಅದನ್ನು ಗ್ಲುಟಮೇಟ್ ಮಾಡುತ್ತದೆ, ಗ್ಲುಟಮೇಟ್ ಮತ್ತೆ ಫಿನೈಲಲನಿನ್‌ನ ಪೂರ್ವವಸ್ತುವಿಗೆ ಆ ಸಾರಜನಕವನ್ನು ಕೊಡುತ್ತದೆ.

ಇದರ ತೂಕ ತಿಳಿಯಲು ಮಾದರಿಯಲ್ಲಿ ಆ ಮರುಬಳಕೆಯನ್ನು ಬೇಕೆಂದೇ ಮುಚ್ಚಿದೆ. ಸಾರಜನಕದ ಬೇಡಿಕೆ ಲಿಗ್ನಿನ್ ಜೊತೆ ಒಂದಕ್ಕೊಂದರಂತೆ ಏರಿತು. ಕಾಗದದ ಮೇಲೂ ಲೆಕ್ಕ ಹಾಕಬಹುದು: 1 ಕಿಲೋ ಒಣ ಕಟ್ಟಿಗೆಯಲ್ಲಿ 250 ಗ್ರಾಂ ಲಿಗ್ನಿನ್ ಇದ್ದರೆ, ಮರುಬಳಕೆ ಇಲ್ಲದೆ ಅದಕ್ಕೊಂದಕ್ಕೇ ಸುಮಾರು 18 ಗ್ರಾಂ ಸಾರಜನಕ ಬೇಕು. ನಿಜವಾದ ಕಟ್ಟಿಗೆಯಲ್ಲಿ ಇರುವುದು ಕೆಲವೇ ಗ್ರಾಂ. ಸಾರಜನಕ ಕಡಿಮೆ ಇರುವ ಮಣ್ಣಿನಲ್ಲೂ ಮರ ದಪ್ಪವಾಗುವುದರ ಹಿಂದೆ ಈ ಸಣ್ಣ ಸುತ್ತಿನ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ. ಬರೀ ಎಲೆಯ ಮಾದರಿ ಇಟ್ಟುಕೊಂಡಿದ್ದರೆ ಇದು ಇಷ್ಟು ಎದ್ದು ಕಾಣುತ್ತಿರಲಿಲ್ಲ.

ಇದೇ ಮಾದರಿಯನ್ನು ಪೈನ್‌ಗೆ ಒಗ್ಗಿಸುವಾಗ ಲಿಗ್ನಿನ್ ಘಟಕಗಳಲ್ಲಿ ಒಂದಾದ ಸಿರಿಂಜಿಲ್ ಕಡೆಗಿನ ಕವಲನ್ನು ಮುಚ್ಚಬೇಕು, ಅದರ ಲಿಗ್ನಿನ್‌ನಲ್ಲಿ ಆ ಘಟಕ ಇಲ್ಲವೆನ್ನುವಷ್ಟು ಕಡಿಮೆ. ಸಾರಜನಕದ ಸುತ್ತನ್ನು ಮಾತ್ರ ಹಾಗೇ ಬಿಡಿ.